ಮೂರಲಗಿನ ಮೊನೆಗೆ ಶಿವಾಜಿನಗರದ ಸಾಣೆ

ನಮ್ಮ ಮನೆಗಳಲ್ಲಿ ಮೊಂಡು ಚಾಕುವಿಗೆ ಸಿಗುವ ರಿಯಾಯಿತಿ ಮನೆ ಅಳಿಯನಿಗೂ ಸಿಗುವುದಿಲ್ಲ. ಟೊಮ್ಯಾಟೊ ಕೊಯ್ಯಲು ಹೋದರೆ ಹಿಚುಕುತ್ತದೆ, ಈರುಳ್ಳಿಯ ಮೇಲೆ ಜಾರಿ ಹೆಬ್ಬೆರಳಿಗೆ ಬರುತ್ತದೆ. ಆದರೂ ಅದನ್ನು ಯಾರೂ ಎಸೆಯುವುದಿಲ್ಲ, ಸಾಣೆಗೂ ಕೊಡುವುದಿಲ್ಲ. "ಇನ್ನೂ ಸ್ವಲ್ಪ ದಿನ ನಡೆಯುತ್ತೆ ಬಿಡಿ" ಎಂಬ ಒಂದು ಮಾತಿನ ಮೇಲೆ ವರ್ಷಗಟ್ಟಲೆ ನಡೆದುಬಿಡುತ್ತದೆ. ಹಿಂದೆ ಅಜ್ಜಿಯರು ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕಿ, ಹೊಳಪು ಹಚ್ಚದೆ ಬಿಟ್ಟ ತಳದ ಒರಟು ಬಳೆಗೆ ಚಾಕುವನ್ನು ನಾಲ್ಕು ಸಲ ಎಳೆದು ಕೆಲಸ ಮುಗಿಸುತ್ತಿದ್ದರು. ಭರಣಿ ಹೋಗಿ ಪ್ಲಾಸ್ಟಿಕ್ ಡಬ್ಬ ಬಂತು, ಆ ಸಾಣೆಯೂ ಹೋಯಿತು. ಹಲಸೂರಿನ ಗಲ್ಲಿಗಳಿಗೆ ಸೈಕಲ್ ಸಾಣೆಯವನು ಈಗಲೂ ಬರುತ್ತಾನೆ. ಅವನ ಕೂಗು ಕೇಳಿ, ಚಾಕು ಹುಡುಕಿ, ಚಪ್ಪಲಿ ಮೆಟ್ಟಿ ಕೆಳಗಿಳಿಯುವಷ್ಟರಲ್ಲಿ ಅವನು ಪಕ್ಕದ ಕ್ರಾಸಿನಲ್ಲಿರುತ್ತಾನೆ.

ಹರಿತದ ವಿಷಯದಲ್ಲಿ ದಂಡಿನ ಪ್ರದೇಶ ಹಳೆಯ ಪೇಟೆಗಿಂತ ಒಂದು ಕೈ ಮೇಲು ಎಂಬುದು ನನ್ನ ಅಭಿಪ್ರಾಯ. ಇದು ಪಕ್ಷಪಾತ ಎನ್ನುವವರು ಚಿಕ್ಕಪೇಟೆಯ ಕಡೆಯವರೇ ಆಗಿರುತ್ತಾರೆ, ಆದ್ದರಿಂದ ಅವರ ಮಾತನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಇಳಿಸಿದರು. ದಂಡು ಬಂದ ಮೇಲೆ ಅದಕ್ಕೆ ಕತ್ತಿ ಬೇಕು, ಕ್ಷೌರ ಬೇಕು, ಮಾಂಸ ಬೇಕು, ಸಮವಸ್ತ್ರ ಹೊಲಿಯುವವನು ಬೇಕು. ನಾಲ್ಕರಲ್ಲೂ ಕೊನೆಗೆ ನಿಲ್ಲುವುದು ಒಂದು ಅಲಗು. ಕಮರ್ಷಿಯಲ್ ಸ್ಟ್ರೀಟಿನ ಹಳೆಯ ಟೈಲರುಗಳನ್ನು ನೋಡಿ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಅವರು ಯಾರ ಕೈಗೂ ಕೊಡುವುದಿಲ್ಲ. ಅದರಲ್ಲಿ ಯಾರಾದರೂ ಕಾಗದ ಕತ್ತರಿಸಿದರೋ, ಅಂಗಡಿಯಲ್ಲಿ ರಾಮಾಯಣ. ಕಾಗದಕ್ಕೆ ಜೇಡಿಮಣ್ಣು, ಸುಣ್ಣದಂಥ ಪುಡಿ ಬೆರೆಸಿ ನುಣುಪು ಮಾಡಿರುತ್ತಾರೆ, ಅದು ಅಂಚನ್ನು ಸದ್ದಿಲ್ಲದೆ ತಿನ್ನುತ್ತದೆ. ಈ ವಿಜ್ಞಾನ ಟೈಲರಿಗೆ ಗೊತ್ತಿಲ್ಲದಿರಬಹುದು, ಕತ್ತರಿಗೆ ಗೊತ್ತು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಏಕೆಂದರೆ, ವಿಸ್ಕಾನ್ಸಿನ್‌ನಲ್ಲಿರುವ ನನ್ನ ಅಕ್ಕನ ಮಗ ಮದುವೆಯೊಂದಕ್ಕೆ ಊರಿಗೆ ಬಂದವನು ಸೂಟ್‌ಕೇಸಿನ ಮೂಲೆಯಿಂದ ಒಂದು ಬಾಣದ ಮೊನೆ ತೆಗೆದು ನನ್ನ ಅಂಗೈ ಮೇಲೆ ಇಟ್ಟ. ಅವನು ಅಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾನೆ. ಅಕ್ಕನಿಗೆ ಇದು ಗೊತ್ತಾದ ದಿನ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲವಂತೆ. ಈಗ "ಅದೇನೋ ಆಟ ಅಂತೆ" ಎಂದು ನೆಂಟರಿಗೆ ಹೇಳುವಷ್ಟಕ್ಕೆ ಬಂದಿದ್ದಾಳೆ. ಮೊನೆಯ ತೂಕ 125 ಗ್ರೇನ್, ಅಂದರೆ ಹೆಚ್ಚುಕಡಿಮೆ 8 ಗ್ರಾಂ. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಸವರನ್. ಹಿಂದುಗಡೆ ಬಾಣದ ಕಾವಿಗೆ ತಿರುಗಿಸಿ ಕೂರಿಸುವ ತಿರುಪು, ಮುಂದೆ ಒಂದೇ ಉಕ್ಕಿನಲ್ಲಿ ಕಡೆದ ಮೂರು ಅಲಗು. ಮೂರೂ ಹಿಂಭಾಗದಲ್ಲಿ ಅಗಲವಾಗಿ ಹೊರಟು ಮುಂದೆ ಒಂದೇ ಚುಕ್ಕೆಯಲ್ಲಿ ಕೂಡುತ್ತವೆ.

"ಮೊಂಡಾಗಿದೆ ಮಾವ. ಅಲ್ಲಿ ನಾನೇ ಕಲ್ಲಿಗೆ ಹಾಕ್ತೀನಿ. ನೀವು ಶಿವಾಜಿನಗರದವರು ಏನು ಬೇಕಾದ್ರೂ ಸಾಣೆ ಹಿಡೀತಾರೆ ಅಂತ ಯಾವಾಗ್ಲೂ ಹೇಳ್ತೀರಲ್ಲ, ಹಿಡಿಸಿ ನೋಡೋಣ" ಅಂದ. ಅಳಿಯನ ಸವಾಲು. ಬಿಡುವ ಹಾಗಿಲ್ಲ.

ಇಲ್ಲಿ ಕಾನೂನಿನ ಮಾತು ಹೇಳಿಬಿಡಬೇಕು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂದರೇನು ಎಂದು ಪಟ್ಟಿ ಮಾಡುವಾಗ ಬಂದೂಕು, ಬಲೆ, ಉರುಲು, ವಿಷದ ಜೊತೆಗೆ ಬಿಲ್ಲು ಬಾಣವನ್ನೂ ಹೆಸರಿಸಿದೆ. ಬನ್ನೇರುಘಟ್ಟದ ಕಡೆ ಇದನ್ನು ಹಿಡಿದುಕೊಂಡು ಹೊರಟರೆ ಜಿಂಕೆಗಿಂತ ಮೊದಲು ಫಾರೆಸ್ಟ್ ಗಾರ್ಡ್ ಸಿಗುತ್ತಾನೆ, ಸಿಗಲೂ ಬೇಕು. ಅಮೆರಿಕದಲ್ಲಿ ಜಿಂಕೆಗಳು ಹೊಲಕ್ಕೂ ಹೆದ್ದಾರಿಗೂ ನುಗ್ಗುವಷ್ಟು ಬೆಳೆದಿವೆ. ಅಲ್ಲಿ ಲೈಸೆನ್ಸು, ಋತು, ಲೆಕ್ಕ ಎಲ್ಲ ಗೊತ್ತುಮಾಡಿ ಬೇಟೆಗೆ ಬಿಡುತ್ತಾರೆ. ಅಳಿಯನ ರಾಜ್ಯದಲ್ಲಿ ಮೊನೆಯ ಅಗಲ ಕನಿಷ್ಠ 7/8 ಅಂಗುಲ ಇರಬೇಕಂತೆ, ಮತ್ತು ಅಲಗು ಹರಿತವಾಗಿರಬೇಕು ಎಂಬುದೂ ನಿಯಮವಂತೆ. ಇದನ್ನು ಕೇಳಿ ನನಗೆ ಅಪಾರ ಸಂತೋಷವಾಯಿತು. ಮೊಂಡುತನವೇ ಅಪರಾಧವಾಗುವ ಒಂದು ಊರು ಭೂಮಿಯ ಮೇಲೆ ಇದೆ! ಆ ನಿಯಮ ಇಲ್ಲಿ ಜಾರಿಯಾದರೆ ಅರ್ಧ ಬೆಂಗಳೂರಿನ ಅಡುಗೆಮನೆಗಳು ಜೈಲಿಗೆ ಹೋಗಬೇಕು.

ನಿಯಮದ ಹಿಂದೆ ಇರುವುದು ಕರುಣೆ. ಗುಂಡು ಕೊಲ್ಲುವುದು ಏಟಿನ ಬಲದಿಂದ. ಬಾಣಕ್ಕೆ ಆ ಬಲವಿಲ್ಲ, ಅದು ಕೊಲ್ಲುವುದು ಕೊಯ್ದು, ರಕ್ತ ಹರಿಸಿ. ರಕ್ತನಾಳ ಎಂಬುದು ರಬ್ಬರಿನ ಹಾಗೆ ಬಾಗುವ, ಜಾರುವ ವಸ್ತು. ಮೊಂಡು ಅಂಚು ಅದನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತದೆ. ಹರಿತದ ಅಂಚು ಮುಟ್ಟಿದ ಕೂಡಲೇ ಕತ್ತರಿಸುತ್ತದೆ. ಮೊದಲನೆಯದರಲ್ಲಿ ಗಾಯಗೊಂಡ ಪ್ರಾಣಿ ದಿನಗಟ್ಟಲೆ ಕಾಡಿನಲ್ಲಿ ನರಳುತ್ತದೆ, ಎರಡನೆಯದರಲ್ಲಿ ನಿಮಿಷದೊಳಗೆ ನೆಲಕ್ಕೆ ಬೀಳುತ್ತದೆ. ಕಸಾಯಿ ಅಂಗಡಿಯವರೂ ಇದನ್ನೇ ಹೇಳುತ್ತಾರೆ. ಚೂರಿಯನ್ನು ಚೆನ್ನಾಗಿ ಮಸೆದಿರಬೇಕು, ಪ್ರಾಣಿಯ ಕಣ್ಣೆದುರಿಗೆ ಮಸೆಯಬಾರದು ಎಂಬುದು ಅವರ ಧರ್ಮದ ಕಟ್ಟಳೆ. ಬಕ್ರೀದಿಗೆ ಮುಂಚಿನ ವಾರ ಶಿವಾಜಿನಗರದಲ್ಲಿ ಸಾಣೆಯವರಿಗೆ ಊಟಕ್ಕೂ ಬಿಡುವಿರದಿದ್ದರೆ ಅದಕ್ಕೆ ಇದೇ ಕಾರಣ.

ನನ್ನ ತಲೆಮಾರಿನ ಕನ್ನಡಿಗನಿಗೆ ಬೇಟೆ ಎಂದರೆ ಕೋವಿ. ದಂಡಿನವರೇ ಆದ ಕೆನೆತ್ ಆಂಡರ್ಸನ್ ಬರೆದ ಕಥೆಗಳನ್ನು ತೇಜಸ್ವಿ 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದರಲ್ಲ, ಅದರಲ್ಲೂ ಬಂದೂಕಿನದೇ ಸದ್ದು. ಬಿಲ್ಲು ಬೇಕೆಂದರೆ ಪುರಾಣಕ್ಕೆ ಹೋಗಬೇಕು, ಇಲ್ಲವೇ 1954ರ 'ಬೇಡರ ಕಣ್ಣಪ್ಪ'ಕ್ಕೆ. ರಾಜಕುಮಾರ್ ನಾಯಕರಾಗಿ ತೆರೆಗೆ ಬಂದದ್ದೇ ಬೇಟೆಗಾರನಾಗಿ. ಪುರಾಣದ ಬಾಣಗಳಿಗೆ ಹೆಸರೇನು ಕಡಿಮೆಯೇ! ಅರ್ಧಚಂದ್ರ, ಕ್ಷುರಪ್ರ, ಭಲ್ಲ, ವತ್ಸದಂತ, ಕರ್ಣನ ತಲೆ ತೆಗೆದ ಅಂಜಲಿಕ. ಕ್ಷುರಪ್ರ ಎಂದರೆ ಕ್ಷೌರದ ಕತ್ತಿಯಂಥ ಅಂಚಿನದು. ಆದರೆ ನನಗೆ ಬಹಳ ಕಾಲದಿಂದ ಒಂದು ಅನುಮಾನ. ಹದಿನೆಂಟು ದಿನ ಆ ಪರಿ ಬಾಣ ಬಿಟ್ಟರಲ್ಲ, ರಾತ್ರಿ ಕೂತು ಅವನ್ನೆಲ್ಲ ಮಸೆದವರು ಯಾರು? ರಥ ಹೊಡೆದವನಿಗೆ ಗೀತೆ ಹೇಳುವ ಅವಕಾಶ ಸಿಕ್ಕಿತು, ಅಡುಗೆ ಮಾಡಿದವನ ಹೆಸರಲ್ಲಿ ಇಂದಿಗೂ ಹೋಟೆಲುಗಳಿವೆ. ಸಾಣೆಯವನಿಗೆ ಒಂದು ಸಾಲೂ ಇಲ್ಲ.

ಶಾಸನಗಳೂ ಹೀಗೆಯೇ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಆತಕೂರಿನ ಕಲ್ಲು ಇದೆ, ಸುಮಾರು 949–50ರದು. ಗಂಗರ ಬೂತುಗನ ಕಾಲದಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಂದಿಗೆ ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿಗೆ ಕಲ್ಲು ನಿಲ್ಲಿಸುವಷ್ಟು ದೊಡ್ಡ ಮನಸ್ಸಿನ ನಾಡು ನಮ್ಮದು, ನನಗೆ ಅದರ ಬಗ್ಗೆ ಹೆಮ್ಮೆಯೇ. ಆ ಬೇಟೆಯ ಈಟಿ ಮಸೆದವನಿಗೂ ಒಂದು ಗೆರೆ ಕೆತ್ತಿದ್ದರೆ ಏನು ಹೋಗುತ್ತಿತ್ತು?

ಸಾಣೆಯವರು ಯಾರ ದಾಕ್ಷಿಣ್ಯಕ್ಕೂ ಕಾಯದೆ ತಮ್ಮ ಗುರುತನ್ನು ತಾವೇ ಬಿಟ್ಟುಹೋದ ಜಾಗವೊಂದಿದೆ. ಬಳ್ಳಾರಿಯ ಸಂಗನಕಲ್ಲು. ನಾಲ್ಕು ಸಾವಿರ ವರ್ಷ ಹಿಂದೆ ಅಲ್ಲಿಯ ಗುಡ್ಡದ ಮೇಲೆ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ತಯಾರಿಸುತ್ತಿದ್ದರು. ಚಕ್ಕೆ ಹಾರಿಸಿ ಆಕಾರ ಕೊಟ್ಟು, ಬಂಡೆಗೆ ನೀರು ಹಾಕಿ ಉಜ್ಜಿ ಉಜ್ಜಿ ಅಂಚು ಬರಿಸುತ್ತಿದ್ದರು. ಉಜ್ಜಿದ ಕಡೆ ಬಂಡೆಯೇ ಸವೆದು, ಅಂಗೈ ಇಟ್ಟರೆ ಕೂರುವಂಥ ನುಣುಪಾದ ತಗ್ಗುಗಳು ಬಿದ್ದಿವೆ. ನನ್ನ ಪಾಲಿಗೆ ಅದು ಯಾವ ವೀರಗಲ್ಲಿಗೂ ಕಡಿಮೆಯಲ್ಲ.

ಸರಿ, ಶಿವಾಜಿನಗರಕ್ಕೆ ಬರೋಣ. 1927ರ ರಸೆಲ್ ಮಾರ್ಕೆಟ್ಟಿನ ಕೆಂಪು ಕಟ್ಟಡವನ್ನು ಬಳಸಿ, ಹೂವು, ಹಣ್ಣು, ಮೀನು ಎಂದು ವಾಸನೆ ಬದಲಾಗುತ್ತ ಹೋಗುವ ದಾರಿಯಲ್ಲಿ ಒಬ್ಬ ಭಾಯ್ ಕೂರುತ್ತಾರೆ. ಹೆಸರು ಬರೆದರೆ ಬೈಯುತ್ತಾರೆ, ಬೇಡ. ಅವರ ಅಜ್ಜನ ಕಾಲದಲ್ಲಿ ಸಾಣೆಯ ಚಕ್ರವನ್ನು ಮನೆಯಲ್ಲೇ ಮಾಡುತ್ತಿದ್ದರಂತೆ. ಕುರುಂದದ ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಕರಗಿಸಿದ ಅರಗಿನಲ್ಲಿ ಕಲಸಿ ಬಿಲ್ಲೆ ಹೊಯ್ಯುವುದು. ಒಬ್ಬರು ಚಕ್ರಕ್ಕೆ ಸುತ್ತಿದ ಪಟ್ಟಿಯನ್ನು ಆಚೆ ಈಚೆ ಎಳೆಯುವುದು, ಇನ್ನೊಬ್ಬರು ಅಲಗು ಹಿಡಿಯುವುದು. ಕುರುಂದ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಗಡಸು ಕಲ್ಲು, ಹಳೆಯ ಮೈಸೂರು ಸೀಮೆಯಲ್ಲೇ ಸಿಗುತ್ತಿತ್ತು. 1891ರಲ್ಲಿ ಅಮೆರಿಕದ ಆಚಿಸನ್ ಎಂಬಾತ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ಮಾಡಿದ ಮೇಲೆ ಕುರುಂದ, ಅರಗು ಎರಡೂ ಮೂಲೆ ಸೇರಿದವು. ಈಗ ಭಾಯ್ ಬಳಿ ಇರುವುದು ಕರೆಂಟ್ ಮೋಟಾರು, ಬೂದು ಬಣ್ಣದ ಚಕ್ರ, ಹಾಲಿನ ಪುಡಿಯ ಹಳೆಯ ಡಬ್ಬದಲ್ಲಿ ನೀರು.

ನಾನು ಮೊನೆಯನ್ನು ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಬೆರಳಲ್ಲಿ ತಿರುಗಿಸಿ, "ಇದ್ಯಾವ ಗಾಡಿದು ಸಾರ್?" ಅಂದರು. ಪಕ್ಕದಲ್ಲೇ ಗುಜರಿ, ಹಾಗಾಗಿ ಅವರಿಗೆ ಬರುವ ಅಪರಿಚಿತ ವಸ್ತುವೆಲ್ಲ ಯಾವುದೋ ಗಾಡಿಯದೇ. ಬಾಣದ್ದು ಎಂದೆ. ನಗಲಿಲ್ಲ. ಉಗುರಿನ ಮೇಲೆ ಒಂದು ಅಲಗನ್ನು ಮೆಲ್ಲಗೆ ಇಟ್ಟು ನೋಡಿದರು, ಕಚ್ಚದೆ ಜಾರಿತು. "ಚಕ್ರಕ್ಕೆ ಕೊಟ್ರೆ ಸುಟ್ಟುಹೋಗ್ತದೆ. ಸಣ್ಣ ಸಾಮಾನು, ಬಿಸಿ ಹೋಗೋಕೆ ಜಾಗ ಇಲ್ಲ. ನೀಲಿ ಆಯ್ತು ಅಂದ್ರೆ ಮುಗೀತು, ಪೂರಾ ನರಮ್." ಹಾಗೆಂದು ಮೋಟಾರು ಆರಿಸಿ, ಪೆಟ್ಟಿಗೆಯೊಳಗಿಂದ ಎರಡು ಬದಿಯ ಚಪ್ಪಟೆ ಕಲ್ಲು ತೆಗೆದರು. ಒಂದು ಬದಿ ಒರಟು, ಇನ್ನೊಂದು ನಯ.

ಕಲ್ಲಿಗೆ ನೀರು ಚಿಮುಕಿಸಿ ಮೊನೆಯನ್ನು ಅದರ ಮೇಲೆ ಮಲಗಿಸಿದ್ದೇ ತಡ, ಅವರ ಮುಖ ಅರಳಿತು. "ಅರೆ! ಇದು ತಾನೇ ಕೂತ್ಕೊಳ್ತದೆ!"

ಅದೇ ಈ ಮೂರಲಗಿನ ಗುಟ್ಟು. ಚಾಕು ಮಸೆಯುವವನಿಗೆ ಕಷ್ಟ ಕೊಡುವುದು ಕಲ್ಲೂ ಅಲ್ಲ, ಉಕ್ಕೂ ಅಲ್ಲ, ಕೋನ. ಪ್ರತಿ ಎಳೆತದಲ್ಲೂ ಒಂದೇ ಓರೆಯಲ್ಲಿ ಹಿಡಿಯಬೇಕು. ಮಣಿಕಟ್ಟು ಒಂದಿಷ್ಟು ಅಲುಗಿದರೂ ಅಂಚು ದುಂಡಾಗುತ್ತದೆ. ಇಪ್ಪತ್ತು ವರ್ಷ ಕೈ ಪಳಗಿಸುವುದು ಈ ಒಂದು ವಿಷಯಕ್ಕೆ. ಇಂದಿರಾನಗರದಲ್ಲಿ ಜಪಾನಿ ಚಾಕು ಕೊಳ್ಳುವ ಹುಡುಗರು ಆ ಓರೆಗಾಗಿಯೇ ಬೇರೆ ಉಪಕರಣ, ಅದಕ್ಕೊಂದು ಹಿಡಿಕೆ, ಅದರ ಮೇಲೊಂದು ಅಳತೆಪಟ್ಟಿ ಎಂದು ಚಾಕುವಿನ ಬೆಲೆಗಿಂತ ಹೆಚ್ಚು ಸುರಿಯುತ್ತಾರೆ. ಮೂರಲಗಿನ ಮೊನೆಗೆ ಅದಾವುದೂ ಬೇಡ. ಅಲಗುಗಳು ಒಂದಕ್ಕೊಂದು 120 ಡಿಗ್ರಿ ದೂರದಲ್ಲಿವೆ. ಅವುಗಳ ಅಂಚುಗಳನ್ನು ಸೇರಿಸಿ ಗೆರೆ ಎಳೆದರೆ ಸಮಬಾಹು ತ್ರಿಕೋನ. ಕಲ್ಲಿನ ಮೇಲೆ ಇಟ್ಟಾಗ ಎರಡು ಅಂಚು ಒಟ್ಟಿಗೆ ಕಲ್ಲನ್ನು ಮುಟ್ಟುತ್ತವೆ, ಮೂರನೆಯದು ಆಕಾಶ ನೋಡುತ್ತ ನಿಲ್ಲುತ್ತದೆ. ಉಜ್ಜಿ, ಒಂದು ಮಗ್ಗುಲು ಹೊರಳಿಸಿ ಮತ್ತೆ ಉಜ್ಜಿ. ಮೂರು ಮಗ್ಗುಲು ಮುಗಿದಾಗ ಪ್ರತಿ ಅಲಗಿಗೂ ಎರಡೂ ಕಡೆಯಿಂದ ಸಾಣೆ ಆಗಿರುತ್ತದೆ, ಅಂಚಿನ ಒಟ್ಟು ಕೋನ ತಪ್ಪದೆ 60 ಡಿಗ್ರಿ. ನಡುಗುವ ಕೈಯೂ ಇದನ್ನು ಕೆಡಿಸಲಾರದು.

ಅಳಿಯ ಮಾರ್ಕರ್ ಪೆನ್ ತಂದಿದ್ದ. ಅಂಚಿನುದ್ದಕ್ಕೂ ಕಪ್ಪು ಬಳಿದು ನಾಲ್ಕು ಸಲ ಉಜ್ಜಿದರೆ, ಉಕ್ಕು ಎಲ್ಲಿ ಸವೆಯುತ್ತಿದೆ, ಎಲ್ಲಿ ಕಲ್ಲು ಮುಟ್ಟುತ್ತಿಲ್ಲ ಎಂದು ಕಪ್ಪು ಅಳಿಸಿದ ರೀತಿಯಲ್ಲೇ ಕಾಣುತ್ತದೆ. ಬುಡದ ಹತ್ತಿರ ಅಳಿಸಿತ್ತು, ತುದಿಯ ಬಳಿ ಹಾಗೇ ಉಳಿದಿತ್ತು. "ನಿಮ್ ಕಲ್ಲು ನಡುವೆ ತಗ್ಗಾಗಿದೆ ಭಾಯ್" ಎಂದ. ಇಡೀ ಮಾರ್ಕೆಟ್ಟಿನಲ್ಲಿ ಆ ಮಾತು ಅವರಿಗೆ ಹೇಳುವ ಧೈರ್ಯ ಇನ್ನಾರಿಗೂ ಇಲ್ಲ. ಭಾಯ್ ಕಲ್ಲನ್ನು ಬೆಳಕಿಗೆ ಹಿಡಿದು ಓರೆಗಣ್ಣಿನಿಂದ ನೋಡಿ, ಏನೂ ಹೇಳದೆ ಪೆಟ್ಟಿಗೆಯಿಂದ ಇನ್ನೊಂದು ತೆಗೆದರು. ಚಾಕುವಿಗೆ ತಗ್ಗು ಕಲ್ಲು ನಡೆಯುತ್ತದೆ, ಕೈ ಅದನ್ನು ಸರಿದೂಗಿಸುತ್ತದೆ. ತಾನೇ ಕೂರುವ ಮೊನೆಗೆ ಕಲ್ಲು ಕನ್ನಡಿಯಂತೆ ಸಮವಾಗಿರಬೇಕು. ಕೈಗೆ ಕೊಟ್ಟ ರಜೆಯ ಸಂಬಳವನ್ನು ಕಲ್ಲಿನಿಂದ ಮುರಿದುಕೊಳ್ಳುತ್ತದೆ, ಅಷ್ಟೇ.

ಆಮೇಲಿನದು ಸಿಬಿರಿನ ಕೆಲಸ. ಒಂದು ಮಗ್ಗುಲನ್ನು ಸಾಕಷ್ಟು ಉಜ್ಜಿದಾಗ ಅಂಚಿನ ಉಕ್ಕು ತೆಳುವಾಗಿ ಆಚೆ ಬದಿಗೆ ಮಗುಚಿಕೊಳ್ಳುತ್ತದೆ. ಕಣ್ಣಿಗೆ ಕಾಣದು, ಹೆಬ್ಬೆರಳನ್ನು ಬುಡದಿಂದ ಅಂಚಿನ ಹೊರಕ್ಕೆ ಸವರಿದರೆ ತಡೆಯುತ್ತದೆ. ಅದು ತಗುಲಿತೆಂದರೆ ಆ ಬದಿ ಮುಗಿಯಿತು, ಹೊರಳಿಸಬಹುದು ಎಂದು ಅರ್ಥ. ಅರೆಬರೆ ಸಾಣೆಯವರು ಮೋಸ ಹೋಗುವುದು ಇಲ್ಲಿಯೇ. ಸಿಬಿರು ಇದ್ದಾಗ ಅಲಗು ಕಾಗದವನ್ನು ಚೆನ್ನಾಗಿ ಸೀಳುತ್ತದೆ, ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೋಗುತ್ತಾನೆ. ಮನೆಯಲ್ಲಿ ಎರಡು ಕ್ಯಾರೆಟ್ ಕೊಯ್ಯುವಷ್ಟರಲ್ಲಿ ಸಿಬಿರು ಮುರಿದು ಅಂಚು ಮತ್ತೆ ಮೊಂಡು. ಭಾಯ್ ನಯದ ಬದಿಯಲ್ಲಿ ಒತ್ತಡ ಕಡಿಮೆ ಮಾಡುತ್ತ ಹೋದರು. ಮೊದಲು ಬೆರಳಿನ ಭಾರ, ಆಮೇಲೆ ಬರಿಯ ಮೊನೆಯ ಭಾರ. ಕೊನೆಗೆ ಕ್ಷೌರದಂಗಡಿಯಿಂದ ತಂದಿಟ್ಟಿದ್ದ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆ ಮಾತ್ರ ಎಳೆದರು. ಒಂದೇ ಬ್ಲೇಡನ್ನು ಅರ್ಧ ಮುರಿದು ಹಾಕುವ ಕತ್ತಿ ಬಂದ ಮೇಲೆ ಕ್ಷೌರಿಕರಿಗೆ ಆ ಪಟ್ಟಿಗಳು ಬೇಡವಾದವಂತೆ. ಸೆಲೂನಿನವರು ಬಿಸಾಕಿದ್ದನ್ನೆಲ್ಲ ಇವರು ಕೂಡಿಹಾಕಿದ್ದಾರೆ.

ಪರೀಕ್ಷೆಗೆ ಅಳಿಯ ಒಂದು ರಬ್ಬರ್ ಬ್ಯಾಂಡ್ ತೆಗೆದು ಬೆರಳುಗಳ ನಡುವೆ ಸಡಿಲವಾಗಿ ಹಿಡಿದ. ಬಿಗಿಯಾಗಿ ಎಳೆದರೆ ಎಂಥ ಮೊಂಡು ಅಲಗೂ ಕತ್ತರಿಸುತ್ತದೆ. ಸಡಿಲವಿದ್ದಾಗ ತಳ್ಳದೆ ಕೊಯ್ದರೆ ಅದು ರಕ್ತನಾಳವನ್ನೂ ಕೊಯ್ಯುತ್ತದೆ. ಮೂರೂ ಅಲಗು ಪಾಸಾದವು. ಭಾಯ್ ದುಡ್ಡು ಬೇಡವೆಂದರು, ನಾನು ಕೊಡದೆ ಬಿಡಲಿಲ್ಲ, ಕೊನೆಗೆ ಸುಲೇಮಾನಿ ಚಹಾದಲ್ಲಿ ರಾಜಿಯಾಯಿತು.

ಚಹಾದ ಜೊತೆ ಅಳಿಯ ಇಶಿಯ ಕಥೆ ಹೇಳಿದ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಬ್ಬಂಟಿಯಾಗಿ ಹೊರಬಂದವನು. ಯಾಹಿ ಕುಲದಲ್ಲಿ ಅವನೊಬ್ಬನೇ ಉಳಿದಿದ್ದ. ಮ್ಯೂಸಿಯಮ್ಮಿನಲ್ಲಿ ಇರಿಸಿಕೊಂಡರು. ಅವನ ವೈದ್ಯ ಸ್ಯಾಕ್ಸ್ಟನ್ ಪೋಪ್ ಅವನಿಂದಲೇ ಬಿಲ್ಲುವಿದ್ಯೆ ಕಲಿತು, 1923ರಲ್ಲಿ ಬರೆದ ಪುಸ್ತಕದಿಂದ ಅಮೆರಿಕದಲ್ಲಿ ಬಿಲ್ಲುಬೇಟೆ ಮತ್ತೆ ಚಿಗುರಿತು. ಇಶಿ 1916ರಲ್ಲೇ ಕ್ಷಯದಿಂದ ತೀರಿಕೊಂಡಿದ್ದ. ಅವನು ಗಾಜಿನಂಥ ಕಪ್ಪು ಕಲ್ಲಿನಿಂದ ಚಕ್ಕೆ ಎಬ್ಬಿಸಿ ಮೊನೆ ಮಾಡುತ್ತಿದ್ದ. ಪೋಪ್ ಪರೀಕ್ಷೆ ಮಾಡಿ ನೋಡಿದರೆ ಆ ಕಲ್ಲಿನ ಮೊನೆ ಉಕ್ಕಿನದಕ್ಕಿಂತ ಆಳಕ್ಕೆ ಹೋಯಿತಂತೆ. ಭಾಯ್ ಗಂಭೀರವಾಗಿ ತಲೆಯಾಡಿಸಿ, "ಕಲ್ಲು ಕಲ್ಲೇ ಸಾರ್. ಲೋಹಾ ನಾವು ಮಾಡಿದ್ದು" ಎಂದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಭಾನುವಾರ ಕೆ.ಆರ್. ಪುರದ ಬೀಗರ ಮನೆಯಲ್ಲಿ ಊಟ. ಬೀಗರು 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಟೂಲ್ ರೂಮಿನಲ್ಲಿ ಜೀವ ಸವೆಸಿ ನಿವೃತ್ತರಾದವರು. ಮೈಕ್ರೊಮೀಟರನ್ನು ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದಾರೆ, ಆಯುಧಪೂಜೆ ದಿನ ಕುಂಕುಮ ಮೊದಲು ಅದಕ್ಕೆ. ಮೊನೆಯನ್ನು ನೋಡಿ, ಕೋನ ಕೇಳಿ, ಹೋಳಿಗೆ ಪಕ್ಕಕ್ಕಿಟ್ಟರು.

"60 ಡಿಗ್ರಿಯಾ? ಬೀಗರೇ, ಅದು ಕಬ್ಬಿಣ ಕಡಿಯೋ ಚಾಣದ ಕೋನ! ಅಡುಗೆ ಚಾಕು 40 ದಾಟಲ್ಲ, ಕ್ಷೌರದ ಕತ್ತಿ 20ರ ಒಳಗೆ. ಇದರಲ್ಲಿ ಜಿಂಕೆ ಹೊಡೀತಾನಾ, ಲೇತ್ ಬೆಡ್ ಹೊಡೀತಾನಾ?"

ಅಳಿಯ ತನ್ನ ವಾದ ಮಂಡಿಸಿದ. ಬಾಣ ಪಕ್ಕೆಲುಬಿಗೆ ಬಡಿದರೆ ತೆಳು ಅಂಚು ಮಡಚಿಕೊಳ್ಳುತ್ತದೆ, 60ರದು ಎಲುಬನ್ನೂ ಸೀಳಿಕೊಂಡು ಹೋಗಿ ಆಚೆಗೂ ಹರಿತವಾಗಿಯೇ ಇರುತ್ತದೆ. ಮೇಲಾಗಿ ಎರಡಲಗಿನ ಸೀಳು ಮುಚ್ಚಿಕೊಳ್ಳುವ ಹಾಗೆ ಮೂರಲಗಿನ ಗಾಯ ಮುಚ್ಚಿಕೊಳ್ಳುವುದಿಲ್ಲ. ಅಕ್ಕ ಎಲೆಯ ಮುಂದಿನಿಂದ ಎದ್ದು ಹೋದಳು. ಬೀಗರು ಜಗ್ಗಲಿಲ್ಲ. ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ವಿ-ಬ್ಲಾಕ್ ಬರೆದು, ಒಂದೊಂದೇ ಅಲಗನ್ನು ಹಿಡಿದು ನಿಲ್ಲಿಸುವ ತಿರುಪು ಬರೆದು, ಓರೆ ಗುರುತು ಹಾಕಿದರು. 45ಕ್ಕೆ ಇಳಿಸಬಹುದು, ತುದಿಯ ಒಂದು ಮಿಲಿಮೀಟರ್ ಮಾತ್ರ 60ರಲ್ಲೇ ಬಿಡೋಣ, ಎಲುಬಿಗೆ ಅದು ಸಾಕು ಎಂಬುದು ಅವರ ತೀರ್ಮಾನ. ನನಗೆ ಇಬ್ಬರ ಮಾತೂ ಸರಿ ಎನಿಸಿತು. ಎರಡು ಹೋಳಿಗೆ ಆದ ಮೇಲೆ ನನಗೆ ಸಾಮಾನ್ಯವಾಗಿ ಹಾಗೇ ಎನಿಸುತ್ತದೆ.

"ಫಿಕ್ಸ್ಚರ್ ನಾನು ಮಾಡ್ತೀನಿ. ನಿಮ್ಮ ಶಿವಾಜಿನಗರದ ಭಾಯ್‌ನ ಕರ್ಕೊಂಡು ಬನ್ನಿ, ಅವರ ಕಲ್ಲೂ ಬೇಕು, ಕೈಯೂ ಬೇಕು" ಎಂದರು ಬೀಗರು. ಸೋಮವಾರ ಹೋಗಿ ಆಹ್ವಾನ ತಲುಪಿಸಿದೆ. ಭಾಯ್ ಎದುರಿಗೆ ಚೂರಿಗಳು ರಾಶಿ ಬಿದ್ದಿದ್ದವು, ಮೋಟಾರು ನಿಲ್ಲಿಸಲಿಲ್ಲ. ಪತ್ರಿಕೆಯ ಹಿಂಬದಿಯ ಚಿತ್ರವನ್ನು ಒದ್ದೆ ಬೆರಳಲ್ಲಿ ಹಿಡಿದು ಎರಡು ಕಡೆಯಿಂದ ತಿರುಗಿಸಿ ನೋಡಿ, ಕೋನದ ಮೇಲೆ ಹೆಬ್ಬೆರಳು ಒತ್ತಿ, "45 ಬೇಡ ಅನ್ನಿ ಅವರಿಗೆ, 50 ಇರ್ಲಿ" ಎಂದರು. "ಬಕ್ರೀದ್ ಮುಗೀಲಿ ಸಾರ್, ಬರ್ತೀನಿ."